ನಾಲ್ಕು ನಿಮಿಷ ಮುಂದೆ

ನಾನು ಕೈಗೆ ವಾಚು ಕಟ್ಟುವುದಿಲ್ಲ. ಯಾಕೆಂದು ಯಾರಾದರೂ ಕೇಳಿದರೆ ಬೆವರಿಗೆ ಮಣಿಕಟ್ಟು ತುರಿಸುತ್ತದೆ ಅನ್ನುತ್ತೇನೆ. ಅದು ಸುಳ್ಳು. ನನ್ನ ಮಣಿಕಟ್ಟಿಗೆ ಯಾವ ತುರಿಕೆಯೂ ಇಲ್ಲ. ನಿಜ ಹೇಳಬೇಕಾದರೆ ಕಾರ್ಕಳದಿಂದ ಬೆಳ್ಮಣ್ ಮಾರ್ಗವಾಗಿ ಉಡುಪಿಗೆ ಹೋಗುತ್ತಿದ್ದ ಒಂದು ಬೆಳಗಿನ ಬಸ್ಸಿನ ವಿಷಯ ಹೇಳಬೇಕು. ಇನ್ನಂಜೆಯ ಕಡೆಗೆ ದಾರಿ ತಿರುಗುವ ಕ್ರಾಸಿನಲ್ಲಿ ಸೀಟಿ ಊದುತ್ತಿದ್ದ ಟೈಂಕೀಪರ್ ಒಬ್ಬರ ವಿಷಯವನ್ನೂ ಹೇಳಬೇಕು. ಅವರ ಕೆಲಸ ಹೋದದ್ದು ನನ್ನಿಂದ. ಕೆಲಸ ಹೋದದ್ದೇ ದೊಡ್ಡದಲ್ಲ. ಅದಕ್ಕಿಂತ ದೊಡ್ಡದೊಂದನ್ನು ನಾನು ಅವರಿಂದ ಕಿತ್ತುಕೊಂಡೆ, ಮತ್ತೆ ಕೊಡುವ ಅವಕಾಶ ಬಂದಾಗಲೂ ಕೊಡಲಿಲ್ಲ.

ಎಂಬತ್ತರ ದಶಕ ನಡುವಿಗೆ ಬರುತ್ತಿದ್ದ ಕಾಲ. ನಾನು ಬಿ.ಎಸ್ಸಿ. ಮುಗಿಸಿ ಕೆಲವು ವರ್ಷ ಅಲ್ಲಿ ಇಲ್ಲಿ ಅಲೆದು, ಕೊನೆಗೆ ಮಣಿಪಾಲದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿಕೊಂಡಿದ್ದೆ. ಅಲೆದ ವರ್ಷಗಳು ನನ್ನ ನಾಲಿಗೆಯನ್ನು ಕಹಿ ಮಾಡಿದ್ದವು. ಎಲ್ಲಿ ಸಂದರ್ಶನಕ್ಕೆ ಹೋದರೂ ನನಗಿಂತ ಮೊದಲೇ ಯಾರದೋ ಕಾಗದ ಅಲ್ಲಿಗೆ ತಲುಪಿರುತ್ತಿತ್ತು. ಒಮ್ಮೆ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವನು ಒಳಗೆ ಹೋಗುವ ಮೊದಲೇ ನನ್ನ ಬೆನ್ನು ತಟ್ಟಿ, "ಬೇಜಾರು ಮಾಡಬೇಡ ಮಾರಾಯ, ಈ ಕೆಲಸ ನನಗೆ ಮೊದಲೇ ಆಗಿ ಆಗಿದೆ" ಎಂದಿದ್ದ. ಆ ಬೆನ್ನು ತಟ್ಟಿದ್ದು ನನಗೆ ಎಷ್ಟೋ ವರ್ಷ ಉರಿಯಿತು. ವಶೀಲಿ, ಮುಲಾಜು, ನಮ್ಮವರು ನಿಮ್ಮವರು ಎಂಬ ಮಾತುಗಳು ಕಿವಿಗೆ ಬಿದ್ದರೆ ಸಾಕು, ನನ್ನ ಪಿತ್ತ ನೆತ್ತಿಗೇರುತ್ತಿತ್ತು.

ಅದಕ್ಕೇ ಇರಬೇಕು, ಕಂಪ್ಯೂಟರ್ ಎಂಬ ಮಾತು ಕೇಳಿದ ಕೂಡಲೇ ನಾನು ಅದರ ಭಕ್ತನಾದೆ. ಪತ್ರಿಕೆಗಳಲ್ಲಿ ಆಗ ಎಲ್ಲಿ ನೋಡಿದರೂ ಇಪ್ಪತ್ತೊಂದನೇ ಶತಮಾನದ ಮಾತು. ನಾನು ಕಂಪ್ಯೂಟರನ್ನು ಕಣ್ಣಾರೆ ಕಂಡಿರಲಿಲ್ಲ. ಆದರೂ ಕಾರ್ಕಳದ ಒಂದು ಯುವಕ ಸಂಘದಲ್ಲಿ 'ಎರಡು ಸಾವಿರನೇ ಇಸವಿಯಲ್ಲಿ ನಾವು' ಎಂದು ಮುಕ್ಕಾಲು ಗಂಟೆ ಭಾಷಣ ಮಾಡಿದೆ. ಇನ್ನು ಹದಿನೈದು ವರ್ಷದಲ್ಲಿ ಯಾರಿಗೆ ಕೆಲಸ, ಯಾರಿಗೆ ರೇಷನ್, ಯಾರಿಗೆ ಸೀಟು ಎಂಬುದನ್ನೆಲ್ಲ ಯಂತ್ರವೇ ತೀರ್ಮಾನಿಸುತ್ತದೆ, ಯಂತ್ರಕ್ಕೆ ಮಾವ ಇಲ್ಲ, ಭಾವ ಇಲ್ಲ, ಅದು ಯಾರ ಮುಖವನ್ನೂ ನೋಡುವುದಿಲ್ಲ ಎಂದೆ. ಜೋರು ಚಪ್ಪಾಳೆ ಬಿತ್ತು. ಸಭೆಯ ಅಧ್ಯಕ್ಷತೆ ವಹಿಸಿದ್ದವರು ಬಸ್ಸಿನ ಧನಿಗಳು. ನಾನು ದಿನಾ ಹತ್ತುವ ಬಸ್ಸು ಅವರದೇ. ಕೆಳಗಿಳಿದ ಮೇಲೆ ನನ್ನ ಕೈ ಕುಲುಕಿ, "ನಿಮ್ಮಂಥವರು ನಮ್ಮ ಲೈನಿಗೂ ಸ್ವಲ್ಪ ಬುದ್ಧಿ ಹೇಳಬೇಕು" ಅಂದರು. ಅವರು ಉಪಚಾರಕ್ಕೆ ಹೇಳಿದ್ದರೋ ಏನೋ. ನಾನು ಮಾತ್ರ ಅದನ್ನು ಗಂಟುಕಟ್ಟಿಕೊಂಡೆ.

ಅದೇ ತಿಂಗಳು ನಮ್ಮ ನೆರೆಮನೆಯ ಬ್ಯಾರಿ ಕುಟುಂಬದ ಹಿರಿಮಗ ಕುವೈಟಿನಿಂದ ರಜೆಯಲ್ಲಿ ಬಂದ. ಅವನು, ನಾನು ಚಿಕ್ಕಂದಿನಿಂದ ಜೊತೆಗೆ ಬೆಳೆದವರು. ನನಗೆಂದು ಒಂದು ಡಿಜಿಟಲ್ ವಾಚು ತಂದಿದ್ದ. ಕಪ್ಪು ಪಟ್ಟಿ, ಬೂದು ಮುಖ, ಮುಳ್ಳಿಲ್ಲ, ಬರೇ ಅಂಕಿ. ಗಂಟೆ, ನಿಮಿಷ ಮಾತ್ರವಲ್ಲ, ಸೆಕೆಂಡು ಕೂಡ ಓಡುತ್ತಿತ್ತು. ಗಂಟೆಗೊಮ್ಮೆ ಪೀಂ ಪೀಂ ಎಂದು ಕೂಗುತ್ತಿತ್ತು. "ಅಲ್ಲಿಯ ಟೈಂ ಉಂಟು, ಇಲ್ಲಿಯದ್ದು ಇಟ್ಟುಕೋ ಮಾರಾಯ" ಎಂದು ಬದಿಯ ಗುಂಡಿಗಳನ್ನು ಒತ್ತುವ ಕ್ರಮ ತೋರಿಸಿಕೊಟ್ಟ. ನಾನು ಮನೆಗೆ ಬಂದು ಚಾವಡಿಯ ಗೋಡೆ ಗಡಿಯಾರದ ಮುಂದೆ ನಿಂತೆ.

ನಮ್ಮ ಆ ಗಡಿಯಾರ ಐದು ನಿಮಿಷ ಮುಂದೆ. ನಾವೆಲ್ಲ ಶಾಲೆಗೆ ಹೋಗುವ ಕಾಲದಿಂದಲೂ ಅಮ್ಮ ಅದನ್ನು ಹಾಗೆಯೇ ಇಟ್ಟಿದ್ದಳು, ನಾವು ಬಸ್ಸು ತಪ್ಪಿಸಿಕೊಳ್ಳಬಾರದು ಅಂತ. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತು. ಗಡಿಯಾರ ನೋಡುವಾಗಲೇ ನಮ್ಮ ತಲೆ ತನ್ನಷ್ಟಕ್ಕೆ ಐದು ಕಳೆಯುತ್ತಿತ್ತು. ನಾನೂ ಐದು ಕಳೆದು, ಸೆಕೆಂಡು ಮುಳ್ಳು ಹನ್ನೆರಡಕ್ಕೆ ಬರುವುದನ್ನು ಉಸಿರು ಬಿಗಿಹಿಡಿದು ಕಾದು ಗುಂಡಿ ಒತ್ತಿದೆ. ಎಷ್ಟು ಜಾಣ ನಾನು ಎಂದುಕೊಂಡೆ.

ಇನ್ನು ಆ ಕ್ರಾಸು. ಶಿರ್ವ ದಾಟಿ ಬಸ್ಸು ಅಲ್ಲಿಗೆ ಬಂದರೆ ಮುಂದೆ ಕಟಪಾಡಿಯವರೆಗೆ ಎರಡು ಮೂರು ಧನಿಗಳ ಬಸ್ಸುಗಳಿಗೆ ಒಂದೇ ದಾರಿ. ಒಂದು ಬಸ್ಸು ನಿಮಿಷ ತಡ ಮಾಡಿದರೆ ಹಿಂದಿನ ಬಸ್ಸಿನ ಜನ ಅದಕ್ಕೆ ಹತ್ತುತ್ತಾರೆ, ಜಗಳವಾಗುತ್ತದೆ. ಅದಕ್ಕಾಗಿ ಬಸ್ಸು ಮಾಲಕರ ಸಂಘದವರು ಅಲ್ಲೊಬ್ಬರನ್ನು ಕೂರಿಸಿದ್ದರು. ಅರವತ್ತರ ಹತ್ತಿರದವರು, ಮದುವೆಯಾಗದವರು, ಬೆಳ್ಳಗೆ ಒಗೆದ ಮುಂಡು, ಕೊರಳಲ್ಲಿ ಸೀಟಿ, ಕೈಯಲ್ಲಿ ಕೀ ಕೊಡುವ ಹಳೇ ವಾಚು. ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದರು. ಬಸ್ಸು ಬಂದ ಹೊತ್ತು ಪುಸ್ತಕದಲ್ಲಿ ಬರೆದುಕೊಂಡು, ಹೊರಡುವ ಹೊತ್ತಿಗೆ ಸೀಟಿ ಊದುವುದು ಅವರ ಕೆಲಸ. ನಮ್ಮ ಬಸ್ಸು ಅಲ್ಲಿಂದ ಎಂಟು ಮೂವತ್ತಾರಕ್ಕೆ ಹೊರಡಬೇಕು.

ನನ್ನ ಹೊಸ ವಾಚಿನ ಪ್ರಕಾರ ಬಸ್ಸು ಸರಿಯಾಗಿ ಎಂಟು ಮೂವತ್ತಾರಕ್ಕೆ ಕ್ರಾಸಿಗೆ ಬರುತ್ತಿತ್ತು. ಆಮೇಲೆ ನಿಲ್ಲುತ್ತಿತ್ತು. ಅಣ್ಣ ಗದ್ದೆಯ ಕಡೆ ಕಣ್ಣಿಟ್ಟು ನಿಂತಿರುತ್ತಿದ್ದರು. ದೂರದಲ್ಲಿ ಗದ್ದೆಯ ಬದುವಿನ ಮೇಲೆ, ಎಲ್ಲರೂ ಬಾಯಮ್ಮ ಎಂದು ಕರೆಯುತ್ತಿದ್ದ ಕ್ರಿಶ್ಚಿಯನ್ ಹೆಂಗಸೊಬ್ಬರು ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಿದ್ದರು. ಬುಟ್ಟಿಯಲ್ಲಿ ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯ ಚೆಂಡುಗಳು, ಮೇಲೆ ಒದ್ದೆ ಬಾಳೆಎಲೆ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಕೂತಲ್ಲೇ ಕಟ್ಟಿ, ಈ ಬಸ್ಸಿಗೆ ಉಡುಪಿಗೆ ತಲುಪಿಸಬೇಕು. ಮುಂದಿನ ಬಸ್ಸಿಗೆ ಹೋದರೆ ಹೂವಿನವರು ಕೊಂಡು ಮುಗಿಸಿರುತ್ತಾರೆ, ಬಿಸಿಲಿಗೆ ಮೊಗ್ಗು ಬಾಯಿಬಿಡುತ್ತದೆ. ಬಾಯಮ್ಮನ ಬಳಿ ವಾಚಿರಲಿಲ್ಲ. ದೂರದ ಹೆಂಚಿನ ಕಾರ್ಖಾನೆಯ ಎಂಟೂವರೆಯ ಕೂಗು ಕೇಳಿದ ಮೇಲೆ ಮನೆ ಬಿಟ್ಟರೆ ಐದು ನಿಮಿಷಕ್ಕೆ ರಸ್ತೆಗೆ ಬರುತ್ತಿದ್ದರು. ಅವರು ಹತ್ತಿದ ಮೇಲೆಯೇ ಸೀಟಿ. ನನ್ನ ವಾಚಿನಲ್ಲಿ ಆಗ ಎಂಟು ನಲ್ವತ್ತು.

ಬಾಯಮ್ಮ ಮಾತುಗಾರ್ತಿ. ಇಡೀ ಬಸ್ಸಿಗೆ ಕೇಳುವ ಹಾಗೆ ಮಾತಾಡುತ್ತಿದ್ದರು. ಒಂದೊಂದು ಶನಿವಾರ ಎಲೆಯ ಅಡಿಯಿಂದ ಮೊಳದುದ್ದ ಹೂವು ತೆಗೆದು, "ನಿಮ್ಮ ಅಮ್ಮನಿಗೆ ಕೊಡಿ, ನಾನು ಕೊಟ್ಟದ್ದು ಅಂತ ಹೇಳಿ" ಎಂದು ನನ್ನ ಕೈಯಲ್ಲಿಡುತ್ತಿದ್ದರು. ನಾನು ತೆಗೆದುಕೊಳ್ಳುತ್ತಿದ್ದೆ. ಅಮ್ಮ ಮುಡಿದುಕೊಳ್ಳುತ್ತಿದ್ದಳು. ಅದೇ ಕೈಯಿಂದ ನಾನು ಒಂದು ಪುಟ್ಟ ಪುಸ್ತಕದಲ್ಲಿ ಬರೆಯತೊಡಗಿದೆ: ಸೋಮವಾರ, ಎಂಟು ನಲ್ವತ್ತು, ಹನ್ನೆರಡು ಸೆಕೆಂಡು. ಮಂಗಳವಾರ, ಎಂಟು ಮೂವತ್ತೊಂಬತ್ತು, ಐವತ್ತೆಂಟು ಸೆಕೆಂಡು. ಒಬ್ಬ ಹೆಂಗಸಿನ ಬುಟ್ಟಿಗಾಗಿ ಐವತ್ತು ಜನ ನಾಲ್ಕು ನಿಮಿಷ ಕಾಯುವುದೇ? ಇದೂ ಮುಲಾಜೇ ಅಲ್ಲವೇ? ನನ್ನ ಕೆಲಸ ಕಿತ್ತುಕೊಂಡ ಆ ಕಾಗದಗಳಿಗೂ ಈ ಸೀಟಿಗೂ ನನಗೆ ವ್ಯತ್ಯಾಸವೇ ಕಾಣಲಿಲ್ಲ. ಒಂದು ತಿಂಗಳು ಬರೆದೆ.

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಆ ತಿಂಗಳಲ್ಲಿ ಒಂದು ಬೆಳಿಗ್ಗೆ ನೆರೆಮನೆಯ ರೇಡಿಯೋದಲ್ಲಿ ವಾರ್ತೆಗೆ ಮೊದಲಿನ ಪೀಂ ಪೀಂ ಕೇಳಿಸಿತು. ನನ್ನ ವಾಚು ಕೂಗಿ ಆಗಲೇ ನಾಲ್ಕು ನಿಮಿಷ ಆಗಿತ್ತು. "ಸರಕಾರದ ರೇಡಿಯೋ, ಅದು ಯಾವಾಗ ಹೊತ್ತಿಗೆ ಸರಿಯಾಗಿ ಶುರುವಾಗಿದೆ?" ಎಂದು ಅಮ್ಮನ ಹತ್ತಿರ ನಕ್ಕೆ. ಅಮ್ಮ ನಗಲಿಲ್ಲ. ನಾನು ಆ ಮಾತನ್ನು ನಂಬಿದ್ದೆನೇ? ವಿಜ್ಞಾನ ಓದಿದವನು ನಾನು. ನಂಬಿದ್ದೆ ಎಂದು ಹೇಳಲಾರೆ, ನಂಬಬೇಕೆಂದಿತ್ತು. ಪುಸ್ತಕದಲ್ಲಿ ಅಷ್ಟು ಪುಟ ತುಂಬಿದ ಮೇಲೆ ರೇಡಿಯೋ ತಪ್ಪಾಗಿರುವುದೇ ನನಗೆ ಅನುಕೂಲವಾಗಿತ್ತು.

ಧನಿಗಳಿಗೆ ಪುಸ್ತಕ ತೋರಿಸಿದೆ. ಅವರು ಕನ್ನಡಕ ಏರಿಸಿ, ಸೆಕೆಂಡುಗಳ ಸಾಲಿನ ಮೇಲೆ ಬೆರಳಾಡಿಸಿ, "ಅಬ್ಬ!" ಅಂದರು. ಉಡುಪಿಯಲ್ಲಿ ಸಂಘದ ಕೋಣೆಯಲ್ಲಿ ಆ ಲೈನಿನ ಧನಿಗಳು ನಾಲ್ಕೈದು ಜನ ಸೇರಿದರು. ಅಣ್ಣನನ್ನೂ ಕರೆಸಿದ್ದರು. ಅವರು ಚಪ್ಪಲಿ ಹೊರಗೆ ಬಿಟ್ಟು ಬಂದು ಬಾಗಿಲ ಬಳಿ ನಿಂತರು. ನಾನು ನನ್ನ ಭಾಷಣದ ಧಾಟಿಯಲ್ಲೇ ಶುರು ಮಾಡಿದೆ. ಬರುವ ಕಾಲದಲ್ಲಿ ಮನುಷ್ಯನ ದಾಕ್ಷಿಣ್ಯದ ಮೇಲೆ ಏನೂ ನಡೆಯಕೂಡದು, ಜಪಾನಿನಲ್ಲಿ ರೈಲು ಸೆಕೆಂಡಿಗೆ ಸರಿಯಾಗಿ ಹೊರಡುತ್ತದೆ, ನಾವು ಈಗಲೇ ತಯಾರಾಗಬೇಕು. ಕೊನೆಗೆ ಪುಸ್ತಕ ಓದಿದೆ. ಪ್ರತಿ ಸಾಲಿಗೂ ಬಾಯಮ್ಮನ ಬುಟ್ಟಿ ಹತ್ತಿದ ಹೊತ್ತನ್ನೂ ಸೇರಿಸಿ ಓದಿದೆ. ಯಾರೋ ಒಬ್ಬರು ಕೆಮ್ಮಿದರು, ಇನ್ನೊಬ್ಬರು ಮೀಸೆಯಡಿಯಲ್ಲಿ ನಕ್ಕರು. ಆ ನಗುವಿನ ಅರ್ಥ ನನಗೆ ಗೊತ್ತಾಯಿತು. ತಡೆಯಬಹುದಿತ್ತು. ತಡೆಯಲಿಲ್ಲ.

ಅಣ್ಣನ ಮುಖ ಕೆಂಪೇರಿತು. "ನಾನು ಅವಳಿಗಾಗಿ ಒಂದು ನಿಮಿಷ ಕೂಡ ಬಸ್ಸು ನಿಲ್ಲಿಸಿದವನಲ್ಲ" ಅಂದರು. "ಬಸ್ಸು ಮೂವತ್ತೆರಡಕ್ಕೆ ಬರ್ತದೆ. ಮೂವತ್ತಾರಕ್ಕೆ ಬಿಡ್ತೇನೆ. ಅವಳು ಅಷ್ಟರ ಒಳಗೆ ಬರ್ತಾಳೆ. ದಿನಾ ಬೆಳಿಗ್ಗೆ ರೇಡಿಯೋದ ಪೀಂ ಪೀಂ ಕೇಳಿ ನಾನು ವಾಚು ಇಡುವುದು."

ನಾನು ಸುಮ್ಮನೆ ಕೈ ಮುಂದೆ ಚಾಚಿ ಅಂಕಿಗಳನ್ನು ತೋರಿಸಿದೆ. ಧನಿಗಳು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಅಣ್ಣನೂ ಹತ್ತಿರ ಬಂದು ನೋಡಿದರು. ಬಹಳ ಹೊತ್ತು ನೋಡಿ, ಜಗಳದ ಧ್ವನಿಯಲ್ಲಲ್ಲ, ತಿಳಿಯಬೇಕೆಂಬ ಧ್ವನಿಯಲ್ಲೇ ಕೇಳಿದರು: "ಇದನ್ನು ಇಟ್ಟದ್ದು ಯಾರು?"

"ಇದನ್ನು ಯಾರೂ ಇಡಬೇಕಾಗಿಲ್ಲ ಅಣ್ಣ" ಅಂದೆ. "ಇದರ ಒಳಗೆ ಕ್ವಾರ್ಟ್ಜ್ ಕಲ್ಲು ಉಂಟು. ಅದು ತಪ್ಪುವುದಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಇಟ್ಟದ್ದು ನಾನು, ನಮ್ಮ ಚಾವಡಿಯಲ್ಲಿ ನಿಂತು, ಐದು ಕಳೆದು. ಅಷ್ಟು ಬೇಗ ಅದನ್ನು ಮರೆತಿದ್ದೆನೋ ಅಥವಾ ಮರೆತವನ ಹಾಗೆ ಮಾತಾಡಿದೆನೋ, ಇವತ್ತಿಗೂ ನನಗೇ ತಿಳಿಯದು.

ತೀರ್ಮಾನ ಅಲ್ಲೇ ಆಯಿತು. ಕ್ರಾಸಿನಲ್ಲಿ ಇನ್ನು ಟೈಂಕೀಪರ್ ಬೇಡ. ಆ ಲೈನಿನ ನಾಲ್ಕು ಬಸ್ಸಿನ ಕಂಡಕ್ಟರುಗಳಿಗೂ ಒಂದೊಂದು ಡಿಜಿಟಲ್ ವಾಚು, ಅದು ಹೇಳಿದ ಹೊತ್ತಿಗೆ ಬಸ್ಸು ಹೊರಡಬೇಕು, ಯಾರಿಗಾಗಿಯೂ ಕಾಯಬಾರದು. ವಾಚುಗಳನ್ನು ತರಿಸಿಕೊಟ್ಟವನು ನನ್ನ ಕುವೈಟಿನ ಗೆಳೆಯ. ಒಂದು ಸಂಜೆ ಧನಿಗಳ ಶೆಡ್ಡಿನಲ್ಲಿ ನಾಲ್ಕು ಕಂಡಕ್ಟರುಗಳನ್ನೂ ಸಾಲಾಗಿ ನಿಲ್ಲಿಸಿ, ನನ್ನ ವಾಚು ನೋಡುತ್ತ "ಒತ್ತಿ" ಅಂದೆ. ನಾಲ್ವರೂ ಒಟ್ಟಿಗೆ ಗುಂಡಿ ಒತ್ತಿದರು. ನಾಲ್ಕು ವಾಚುಗಳೂ ನನ್ನದರ ಜೊತೆ ಒಂದೇ ಹೆಜ್ಜೆ ಹಾಕತೊಡಗಿದವು. ನನಗೆ ರೋಮಾಂಚನವಾಯಿತು. ಭವಿಷ್ಯ ಎಂಬುದು ಕೊನೆಗೂ ನಮ್ಮ ಊರಿಗೆ ಬಂತು, ಅದನ್ನು ತಂದವನು ನಾನು ಎಂದು ಎದೆಯುಬ್ಬಿಸಿದೆ. ಕಚೇರಿಗೆ ಹೋಗಿ ಅಲ್ಲಿಯ ಗೋಡೆ ಗಡಿಯಾರವನ್ನೂ ನನ್ನ ವಾಚಿಗೆ ಸರಿಯಾಗಿ ಇಡಿಸಿದೆ.

ಕ್ರಾಸಿನಲ್ಲಿ ಬಸ್ಸು ಈಗ ನಿಲ್ಲುತ್ತಲೇ ಇರಲಿಲ್ಲ. ಇಳಿಯುವವರು ಇಳಿದ ಕೂಡಲೇ ಕಂಡಕ್ಟರ್ ವಾಚು ನೋಡಿ "ರೈಟ್" ಅನ್ನುತ್ತಿದ್ದ. ಬಾಯಮ್ಮ ಬದುವಿನ ನಡುವೆ ಇರುವಾಗಲೇ ಬಸ್ಸು ಹೊರಡುತ್ತಿತ್ತು. ಮೊದಲ ಮೂರು ದಿನ ಅವರು ಬುಟ್ಟಿ ಹೊತ್ತು ನಿಂತಲ್ಲೇ ನಿಂತದ್ದು ನನಗೆ ಕಿಟಕಿಯಿಂದ ಕಂಡಿತು. ನಾಲ್ಕನೇ ದಿನದಿಂದ ಕಾರ್ಖಾನೆಯ ಕೂಗಿಗೆ ಕಾಯದೆ ಅಂದಾಜಿನ ಮೇಲೆ ಹೊರಡತೊಡಗಿದರು. ಕೆಲವು ದಿನ ಸಿಗುತ್ತಿತ್ತು, ಕೆಲವು ದಿನ ಬದುವಿನಲ್ಲಿ ಓಡುತ್ತಿದ್ದರು. ಹತ್ತಿದ ಮೇಲೆ ಏದುಸಿರು ಬಿಡುತ್ತ, "ಕಾಲ ಜೋರು ಓಡ್ತಾ ಉಂಟು ಅಲ್ವಾ, ನಮಗೆ ಕಾಲು ಸಾಲುವುದಿಲ್ಲ" ಎಂದು ಎಲ್ಲರನ್ನೂ ನಗಿಸುತ್ತಿದ್ದರು. ನನಗೆ ಹೂವು ಕೊಡುವುದನ್ನು ಮಾತ್ರ ನಿಲ್ಲಿಸಿದ್ದರು. ಸಭೆಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಅಣ್ಣನ ಹೆಸರಿನ ಜೊತೆ ಅವರ ಹೆಸರು ಸೇರಿಸಿ ಕ್ರಾಸಿನಲ್ಲಿ ಮಾತಾಡುವವರಿದ್ದರು. ಅಣ್ಣ ಆ ಊರನ್ನೇ ಬಿಟ್ಟು ಹೆಬ್ರಿಯಲ್ಲಿ ತಂಗಿಯ ಮನೆಗೆ ಹೋದರು ಎಂದು ಯಾರೋ ಹೇಳಿದರು.

ಮಳೆ ಶುರುವಾಗಿ ಎರಡು ವಾರ ಆಗಿರಬೇಕು. ಬಸ್ಸು ಕ್ರಾಸಿನಿಂದ ಹೊರಟಿತ್ತು. ಬದುವಿನ ಮೇಲೆ ಬಾಯಮ್ಮ ಒಂದು ಕೈಯಲ್ಲಿ ಬುಟ್ಟಿ ಹಿಡಿದು ಇನ್ನೊಂದು ಕೈ ಬೀಸುತ್ತ ಓಡಿ ಬರುತ್ತಿದ್ದರು. ಕಾಲು ಜಾರಿತು. ಬುಟ್ಟಿ ಗದ್ದೆಗೆ ಬಿತ್ತು, ಅವರು ಕೈಯೂರಿ ಕಲ್ಲಿನ ಮೇಲೆ ಬಿದ್ದರು. ಬಸ್ಸಿನಲ್ಲಿ ನಾಲ್ಕೈದು ಜನ "ಅಯ್ಯಯ್ಯೋ" ಅಂದರು. ಕಂಡಕ್ಟರ್ ನನ್ನ ಮುಖ ನೋಡಿದ. ಆ ದಿನಗಳಲ್ಲಿ ಅವನು ಎಲ್ಲದಕ್ಕೂ ನನ್ನ ಮುಖ ನೋಡುತ್ತಿದ್ದ. ನಾನು ವಾಚು ನೋಡಿದೆ. ಬಸ್ಸು ನಿಲ್ಲಲಿಲ್ಲ.

ಬಲಗೈಯ ಮಣಿಕಟ್ಟು ಮುರಿದಿತ್ತು. ಕಟ್ಟು ಹಾಕಿಸಿದರು. ಮೂಳೆ ಕೂಡಿತು, ಆದರೆ ಸೊಟ್ಟ ಕೂಡಿತು. ಬೆರಳುಗಳಲ್ಲಿ ನಾರು ಸುತ್ತಿ ಗಂಟು ಹಾಕುವ ಶಕ್ತಿ ಮರಳಲಿಲ್ಲ. ಗಿಡಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ಇಷ್ಟೆಲ್ಲ ಆದರೂ, ನಿಜ ಹೇಳುತ್ತೇನೆ, ನನಗೆ ಆಗ ಬೇಸರವಾಯಿತೇ ಹೊರತು ತಪ್ಪು ನನ್ನದು ಅನ್ನಿಸಲಿಲ್ಲ. ನಿಯಮ ಎಂದ ಮೇಲೆ ಹೊಂದಿಕೊಳ್ಳುವವರೆಗೆ ಸ್ವಲ್ಪ ಕಷ್ಟ ಇದ್ದೇ ಇರುತ್ತದೆ ಎಂದು ನನಗೆ ನಾನೇ ಭಾಷಣ ಮಾಡಿಕೊಂಡೆ.

ಆ ಮಳೆಗಾಲ ಮುಗಿಯುವ ಮೊದಲೇ ನಮ್ಮ ಕಚೇರಿಗೆ ಕಂಪ್ಯೂಟರ್ ಬಂತು. ಅದಕ್ಕೊಂದು ಕೋಣೆ, ಕೋಣೆಗೆ ಪರದೆ, ಚಪ್ಪಲಿ ಹೊರಗೆ. ಬೆಂಗಳೂರಿನಿಂದ ಒಬ್ಬ ಎಂಜಿನಿಯರ್ ಬಂದಿದ್ದ, ನನ್ನದೇ ಪ್ರಾಯದವನು. ಕಂಪ್ಯೂಟರಿನ ಬಗ್ಗೆ ಭಾಷಣ ಮಾಡಿದವನೆಂದು ಮ್ಯಾನೇಜರು ನನ್ನನ್ನೇ ಅವನ ಜೊತೆ ಕೂರಿಸಿದರು. ಅವನು ಸ್ವಿಚ್ ಹಾಕಿದ. ಕಪ್ಪು ಪರದೆಯಲ್ಲಿ ಹಸಿರು ಅಕ್ಷರ ಮೂಡಿತು. ನಾನು ಕೈಮುಗಿಯುವುದೊಂದು ಬಾಕಿ. ಇಷ್ಟು ದಿನ ನಾನು ಹೊಗಳಿದ ಯಂತ್ರ ಮೊದಲ ಸಲ ಬಾಯಿ ಬಿಟ್ಟು ಏನು ಹೇಳುತ್ತದೋ ಎಂದು ಕಾದೆ. ಅದು ಇಂಗ್ಲಿಷಿನಲ್ಲಿ ಎರಡೇ ಪ್ರಶ್ನೆ ಕೇಳಿತು. ಇವತ್ತು ತಾರೀಕು ಎಷ್ಟು? ಈಗ ಗಂಟೆ ಎಷ್ಟು?

"ಇದಕ್ಕೆ ಗೊತ್ತಿಲ್ವಾ?" ಎಂದು ಕೇಳಿದೆ.

"ಇಲ್ಲ ಸಾರ್. ಆಫ್ ಮಾಡಿದ್ರೆ ಮರೆತುಬಿಡುತ್ತೆ. ದಿನಾ ಬೆಳಗ್ಗೆ ನಾವೇ ಹೇಳ್ಬೇಕು. ನಾವು ಏನು ಹೇಳ್ತೀವೋ ಅದನ್ನೇ ನಂಬುತ್ತೆ" ಎಂದು ನಕ್ಕ. "ಟೈಮೆಷ್ಟು ಹೇಳಿ, ನೀವೇ ಹೊಡೀರಿ."

ನಾನು ವಾಚು ನೋಡಿ ಅಂಕಿ ಒತ್ತಲು ಹೊರಟೆ. ಅವನು ತನ್ನ ವಾಚು ನೋಡಿ ತಡೆದ. "ಸಾರ್, ನಿಮ್ದು ನಾಲ್ಕು ನಿಮಿಷ ಮುಂದಿದೆ. ನಾನು ಬೆಳಗ್ಗೆ ಲಾಡ್ಜಲ್ಲಿ ರೇಡಿಯೋ ಕೇಳ್ಕೊಂಡು ಇಟ್ಕೊಂಡು ಬಂದಿದೀನಿ."

"ಬ್ಯಾಟರಿ ಹೋಗಿರಬೇಕು" ಅಂದೆ.

"ಬ್ಯಾಟರಿ ಹೋದ್ರೆ ನಿಂತುಹೋಗುತ್ತೆ ಸಾರ್, ಮುಂದೆ ಓಡಲ್ಲ. ಇಡೋವಾಗ್ಲೇ ತಪ್ಪಾಗಿ ಇಟ್ಟಿರ್ತೀರ."

ಆ ಸಂಜೆ ಮನೆಗೆ ಬಂದವನೇ ಅಮ್ಮನನ್ನು ಕೇಳಿದೆ, ನಮ್ಮ ಗಡಿಯಾರ ಎಷ್ಟು ನಿಮಿಷ ಮುಂದೆ ಉಂಟು ಎಂದು. ಅಮ್ಮ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತದೆಯೇ, "ಒಂಬತ್ತು" ಅಂದಳು. "ಐದಲ್ವಾ?" ಎಂದೆ. "ನೀನು ಮಣಿಪಾಲದ ಕೆಲಸಕ್ಕೆ ಸೇರಿದ ಮೇಲೆ ಇನ್ನೂ ನಾಲ್ಕು ಮುಂದಿಟ್ಟೆ. ಐದು ಕಳೆದು ಕಳೆದು ನೀನು ಕೊನೇ ಗಳಿಗೆಗೇ ಹೊರಡುವುದಲ್ವಾ? ಹೇಳಿದರೆ ಅದನ್ನೂ ಕಳೆಯುತ್ತೀ ಅಂತ ಹೇಳಲಿಲ್ಲ." ಆಮೇಲೆ ನನ್ನ ಮುಖ ನೋಡಿ ಮೊರ ಕೆಳಗಿಟ್ಟು, "ಎಂತ ಆಯಿತು?" ಎಂದು ಕೇಳಿದಳು. ಏನಿಲ್ಲ ಅಂದೆ. ನಾನು ಬಸ್ಸು ತಪ್ಪಿಸಿಕೊಳ್ಳದಿರಲಿ ಎಂದು ಅವಳು ಪ್ರೀತಿಯಿಂದ ಇಟ್ಟ ನಾಲ್ಕು ನಿಮಿಷ ಅದು. ಅವಳು ಸಾಯುವವರೆಗೂ ನಾನು ಅವಳಿಗೆ ಈ ವಿಷಯ ಹೇಳಲಿಲ್ಲ.

ನಾಳೆಯೇ ಧನಿಗಳ ಬಳಿ ಹೋಗಿ ಎಲ್ಲ ಹೇಳಬೇಕು ಎಂದುಕೊಂಡೆ. ನಾಳೆ ಹೋಗಲಿಲ್ಲ. ನಾಡಿದ್ದೂ ಹೋಗಲಿಲ್ಲ. ನಾನು ಮಾಡಿದ್ದು ಇಷ್ಟು: ಬಸ್ಸಿನಲ್ಲಿ ಒಬ್ಬೊಬ್ಬ ಕಂಡಕ್ಟರಿಗೂ "ಬ್ಯಾಟರಿ ನೋಡಿ ಕೊಡ್ತೇನೆ, ಕೊಡು" ಎಂದು ವಾಚು ಬಿಚ್ಚಿಸಿ, ಮಡಿಲಲ್ಲಿಟ್ಟುಕೊಂಡು ನಾಲ್ಕು ನಿಮಿಷ ಹಿಂದಕ್ಕಿಟ್ಟೆ. ಒಂದೇ ವಾರದಲ್ಲಿ ನಾಲ್ಕೂ ಸರಿಯಾದವು. ನನ್ನದನ್ನೂ ಕಚೇರಿಯ ಗಡಿಯಾರವನ್ನೂ ಸರಿ ಮಾಡಿದೆ. ಯಾರಿಗೂ ಗೊತ್ತಾಗಲಿಲ್ಲ. ಕ್ರಾಸಿನಲ್ಲಿ ಬಸ್ಸು ಮತ್ತೆ ಮೊದಲಿನ ಹಾಗೆ ನಾಲ್ಕು ನಿಮಿಷ ನಿಲ್ಲತೊಡಗಿತು. ಅದೇ ನಿಮಿಷ, ಅದೇ ಜಾಗ. ಸೀಟಿ ಊದುವವರಿರಲಿಲ್ಲ, ಬದುವಿನ ಮೇಲೆ ಬರುವವರಿರಲಿಲ್ಲ. ಡ್ರೈವರ್ ಬೀಡಿ ಹಚ್ಚುತ್ತಿದ್ದ. ಆ ನಾಲ್ಕು ನಿಮಿಷ ನಾನು ಕಿಟಕಿಯ ಹೊರಗೆ ನೋಡುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಧೈರ್ಯ ಮಾಡಿ ಕಾರ್ಕಳಕ್ಕೆ ಹೋಗಿ ಹೆಬ್ರಿಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡೆ. ಅಣ್ಣ, ತಪ್ಪು ನನ್ನದು, ನಿಮ್ಮ ವಾಚು ಸರಿ ಇತ್ತು. ಇಷ್ಟೇ. ಅಣ್ಣನನ್ನು ಹುಡುಕಬೇಕಾಗಲಿಲ್ಲ. ಬಸ್ಸು ನಿಲ್ಲುವ ಜಾಗದ ಎದುರು ಒಂದು ಅಂಗಡಿಯ ಬೆಂಚಿನ ಮೇಲೆ, ಅದೇ ಬಿಳಿ ಮುಂಡು ಉಟ್ಟು ಕುಳಿತಿದ್ದರು. ಕೊರಳಲ್ಲಿ ಸೀಟಿ ಇರಲಿಲ್ಲ. ನನ್ನನ್ನು ನೋಡಿದವರೇ ಎದ್ದು ನಿಂತರು. ಎದ್ದು ನಿಲ್ಲಬಾರದಿತ್ತು. ನನ್ನ ಬಾಯಿಪಾಠ ಅರ್ಧ ಅಲ್ಲೇ ಮರೆತುಹೋಯಿತು.

ಚಹಾ ತರಿಸಿದರು. ಅಮ್ಮ ಹೇಗಿದ್ದಾರೆ ಎಂದು ಕೇಳಿದರು. ಆಮೇಲೆ ತಾವೇ ಶುರು ಮಾಡಿದರು. "ಬಾಯಮ್ಮ ಬಿದ್ದದ್ದು ಗೊತ್ತಾಯ್ತು. ಕೈ ಹೋಯಿತಂತೆ." ಚಹಾದ ಲೋಟವನ್ನು ಬೆಂಚಿನ ಮೇಲಿಟ್ಟು ಅಂದರು, "ಅದು ನನ್ನಿಂದ ಆದದ್ದು ಮಾರಾಯ್ರೆ."

ನಾನು ತಲೆಯೆತ್ತಿ ನೋಡಿದೆ.

"ಹೌದು. ನನ್ನ ವಾಚು ಸರಿ ಉಂಟು ಅಂತ ಅಷ್ಟು ವರ್ಷ ನಂಬಿಕೊಂಡಿದ್ದೆ. ಅದು ಹಿಂದೆ ಬಿದ್ದದ್ದು ನನಗೆ ತಿಳಿಯಲಿಲ್ಲ. ನಾಲ್ಕು ನಿಮಿಷ ತಡವಾಗಿ ಬರುವ ಅಭ್ಯಾಸ ಅವಳಿಗೆ ನಾನೇ ಮಾಡಿಸಿದೆ. ಇಲ್ಲದಿದ್ದರೆ ಅವಳು ಯಾಕೆ ಓಡುತ್ತಿದ್ದಳು?" ಕಣ್ಣೊರೆಸಿಕೊಂಡರು. "ನೀವು ತೋರಿಸಿಕೊಡದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ರೇಡಿಯೋ ಕೇಳಿ, ಅದಕ್ಕೆ ನಾಲ್ಕು ಕೂಡಿಸಿ ಇಡ್ತೇನೆ. ಇಲ್ಲಿಯ ಬಸ್ಸುಗಳೂ ಎಲ್ಲ ನಾಲ್ಕು ನಿಮಿಷ ತಡ. ಇಲ್ಲಿಗೂ ನಿಮ್ಮಂಥವರು ಒಬ್ಬರು ಬರಬೇಕು."

ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ಮೂರು ಮಾತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವರು ಮಣಿಕಟ್ಟನ್ನು ನನ್ನ ಮುಂದೆ ಚಾಚಿ, ಪರೀಕ್ಷೆಗೆ ಕೂತವರ ಹಾಗೆ ಕೇಳಿದರು: "ಈಗ ಸರಿ ಉಂಟಾ ನೋಡಿ."

ಅವರ ಮುಳ್ಳುಗಳು ಹನ್ನೊಂದು ಇಪ್ಪತ್ತನಾಲ್ಕು ತೋರಿಸುತ್ತಿದ್ದವು. ನನ್ನ ವಾಚಿನಲ್ಲಿ ಹನ್ನೊಂದು ಇಪ್ಪತ್ತು. ಆ ದಿನ ನಾನು ತುಂಬು ತೋಳಿನ ಅಂಗಿ ಹಾಕಿದ್ದೆ. ತೋಳನ್ನು ವಾಚಿನ ಮೇಲೆ ಎಳೆದುಕೊಂಡೆ.

"ಸರಿ ಉಂಟು ಅಣ್ಣ" ಅಂದೆ.

ಅವರ ಮುಖ ಎಷ್ಟು ತಿಳಿಯಾಯಿತೆಂದರೆ ನನಗೆ ನೋಡಲಾಗಲಿಲ್ಲ. ಕಾರ್ಕಳದ ಬಸ್ಸು ಬಂದು ನಿಂತಿತು. ಅಣ್ಣ ಬೆಂಚಿನಿಂದ ಎದ್ದು ಹೋಗಿ ಡ್ರೈವರನಿಗೆ ವಾಚು ತೋರಿಸಿ, "ನಾಲ್ಕು ನಿಮಿಷ ಲೇಟು" ಅಂದರು. ಡ್ರೈವರ್ ನಕ್ಕು, "ಅಜ್ಜ, ನಿಮ್ಮ ವಾಚು ಒಮ್ಮೆ ರಿಪೇರಿಗೆ ಕೊಡಿ" ಅಂದ. ಬಸ್ಸಿನಲ್ಲಿದ್ದವರೂ ನಕ್ಕರು. ಅಣ್ಣ ಸಿಟ್ಟಾಗಲಿಲ್ಲ. ಹತ್ತಲು ನಿಂತಿದ್ದ ನನ್ನ ಕಡೆ ಕೈ ತೋರಿಸಿ, "ಇವರು ಈಗಷ್ಟೇ ನೋಡಿದ್ದಾರೆ. ಇವರನ್ನು ಕೇಳು" ಅಂದರು. ಡ್ರೈವರ್ ನನ್ನ ಮುಖ ನೋಡಿದ. ನಾನು ಹತ್ತಿ, ಹಿಂದಿನ ಸೀಟಿಗೆ ಹೋಗಿ ಕುಳಿತೆ.